ಏಳನೆಯ ಕಾಲೇಜು

ನವೆಂಬರ್ 1, 2011, ಮಂಗಳವಾರ

ಒಣ ಗಾಳಿ. ರಸ್ತೆ ಚೆನ್ನಾಗಿದೆ.

ಗ್ರಾಂಥಮ್ ಕಾಲೇಜಿನಿಂದ ಪತ್ರ ಬಂತು. ಬರುವ ಬೇಸಿಗೆಗೆ ನಮ್ಮ ಒಕ್ಕೂಟ ಬಿಟ್ಟು ದೊಡ್ಡ ಒಕ್ಕೂಟ ಸೇರುತ್ತಾರಂತೆ. ಏಳು ಕಾಲೇಜುಗಳಲ್ಲಿ ಉಳಿಯುವುದು ಆರು. ಏಳು ಕಾಲೇಜಿಲ್ಲದ ಬ್ಯಾಸ್ಕೆಟ್‌ಬಾಲ್ ಒಕ್ಕೂಟದ ಚಾಂಪಿಯನ್ನರಿಗೆ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶವಿಲ್ಲ. ಪ್ರವೇಶ ಹೋದರೆ ಉಳಿದವರೂ ಒಬ್ಬೊಬ್ಬರಾಗಿ ಹೋಗುತ್ತಾರೆ. ನಾನು ಒಕ್ಕೂಟ ನಡೆಸುವ ಕಮಿಷನರ್ ಆಗಿ ಎರಡೇ ವರ್ಷ. ಅಷ್ಟರೊಳಗೆ ಒಕ್ಕೂಟ ಮುಳುಗಿಸಿದವನು ಅನ್ನಿಸಿಕೊಳ್ಳಲು ಇಷ್ಟವಿಲ್ಲ.

ಸಿಸ್ಟರ್ ಕ್ಲೊಟಿಲ್ಡಾ ಪತ್ರವನ್ನು ಎರಡು ಸಲ ಓದಿದರು. ಅವರು ಸೇಂಟ್ ವಾಲ್ಬರ್ಗಾ ಕಾಲೇಜಿನಲ್ಲಿ ನಲವತ್ತು ವರ್ಷದಿಂದ ಸಂಖ್ಯಾಶಾಸ್ತ್ರ ಹೇಳಿಕೊಡುವ ಸನ್ಯಾಸಿನಿ, ಒಕ್ಕೂಟದ ಉಪ ಕಮಿಷನರ್, ವಯಸ್ಸು ಎಪ್ಪತ್ತೆರಡು.

"ಹೋಗ್ಲಿ ಬಿಡಿ ವೆಂಡೆಲ್. ಅವರ ಜಿಮ್ಮಿನಲ್ಲಿ ಹೆಂಗಸರ ಶೌಚಾಲಯದ ಬಾಗಿಲು ಹದಿನಾಲ್ಕು ವರ್ಷದಿಂದ ಮುಚ್ತಾ ಇರಲಿಲ್ಲ," ಎಂದರು.

ಡಿಸೆಂಬರ್ ಎಂಟಕ್ಕೆ ಕಾಲೇಜುಗಳ ಅಧ್ಯಕ್ಷರ ಸಭೆ. ಅಷ್ಟರೊಳಗೆ ಏಳನೆಯದನ್ನು ಹುಡುಕಬೇಕು.

ನವೆಂಬರ್ 3, ಗುರುವಾರ

ಅರ್ಜಿ ಹಾಕಿದವರಲ್ಲಿ ಎರಡು ಕಾಲೇಜು ಉಳಿಸಿಕೊಂಡೆವು. ಒಂದು ಲಿಂಕನ್ ನಗರದಂಚಿನ ಪೆಲ್ಹ್ಯಾಮ್. ಇನ್ನೊಂದು ಮರಳುಗುಡ್ಡಗಳ ನಡುವಿನ ಲೂಪ್ ಫೋರ್ಕ್.

ಲೂಪ್ ಫೋರ್ಕಿನ ಹುಡುಗಿಯರ ತಂಡಕ್ಕೆ ಈಗಲೂ ಆರ್ಡಿಸ್ ವೀಬ್ ಅವರೇ ಕೋಚ್. ಇದು ನನ್ನ ತೀರ್ಮಾನಕ್ಕೆ ಸಂಬಂಧಿಸಿದ ವಿಷಯವಲ್ಲ. ಸುಮ್ಮನೆ ಬರೆದಿಟ್ಟಿದ್ದೇನೆ.

ನವೆಂಬರ್ 5, ಶನಿವಾರ

ಪೆಲ್ಹ್ಯಾಮ್. ಹೆದ್ದಾರಿಯಿಂದ ಐದು ನಿಮಿಷ. ನಮ್ಮ ಆರೂ ಕಾಲೇಜುಗಳಿಂದ ಎರಡು ಗಂಟೆಯೊಳಗಿನ ದಾರಿ. ಕ್ರೀಡಾ ನಿರ್ದೇಶಕಿ ಕೊರಿನ್ ಅಬಾಟೆ ಬಾಗಿಲಲ್ಲೇ ನಿಂತು ಬರಮಾಡಿಕೊಂಡರು. ಮೂರು ಸಾವಿರ ಜನ ಕೂರುವ ಹೊಸ ಕ್ರೀಡಾಂಗಣ. ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ನನ್ನ ಗಲ್ಲದ ಕೆಳಗೆ ಕ್ಷೌರ ಬಿಟ್ಟುಹೋದದ್ದು ಅದರಲ್ಲಿ ಕಂಡಿತು. ಅಬಾಟೆ ಕೇಳಿದ್ದಕ್ಕೆಲ್ಲ ನೇರ ಉತ್ತರ ಕೊಟ್ಟರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು. ಒಳ್ಳೆಯ ಮನುಷ್ಯರು.

ಕಾರಿನಲ್ಲಿ ಸಿಸ್ಟರ್ ಹೇಳಿದರು: "ಒಂದೂ ತಪ್ಪು ಕಾಣ್ಲಿಲ್ಲ ನೋಡಿ. ನನಗೆ ಇಂಥವರ ಮೇಲೇ ಅನುಮಾನ ಜಾಸ್ತಿ."

"ತಪ್ಪಿಲ್ಲದಿದ್ರೂ ತಪ್ಪಾ, ಸಿಸ್ಟರ್?"

"ನನ್ನ ತರಗತೀಲಿ ನೂರಕ್ಕೆ ನೂರು ತಗೊಂಡವರ ಪೇಪರನ್ನ ಎರಡನೇ ಸಲ ನೋಡ್ತೀನಿ. ಅಷ್ಟೇ."

ನವೆಂಬರ್ 9, ಬುಧವಾರ

ಲೂಪ್ ಫೋರ್ಕ್. ಹೇಸ್ಟಿಂಗ್ಸ್‌ನಿಂದ, ಅಂದರೆ ನನ್ನ ಊರಿನಿಂದಲೇ, ಮೂರು ಗಂಟೆ. ಪೂರ್ವದ ಕಾಲೇಜುಗಳಿಗೆ ಐದು. ಕೊನೆಯ ಎಂಬತ್ತು ಮೈಲಿ ಹುಲ್ಲುಗುಡ್ಡ, ದನ, ಬೇಲಿ, ಮತ್ತೆ ಹುಲ್ಲುಗುಡ್ಡ. ಮೂರು ಕಾರು ಎದುರಾದವು, ಮೂವರೂ ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳಿದರು.

ಜಿಮ್ಮು 1938ರದು, ಪೀಪಾಯಿಯನ್ನು ಉದ್ದಕ್ಕೆ ಸೀಳಿ ಮಗುಚಿಟ್ಟಂಥ ಚಾವಣಿ. ಕಟ್ಟಡ ಬಿಸಿಯಿಡುವ ಹಬೆಯ ಕೊಳವೆಗಳು ಯಾರೋ ಸುತ್ತಿಗೆ ಹಿಡಿದು ಒಳಗೆ ಕೂತಂತೆ ಬಡಿದುಕೊಳ್ಳುತ್ತವೆ. ಬುಟ್ಟಿಯ ಹಿಂದೆ ಗೋಡೆ ತೀರ ಹತ್ತಿರ. ಓಡಿಬಂದವರಿಗೆ ಪೆಟ್ಟಾಗದಿರಲೆಂದು ಅದಕ್ಕೆ ಹಾಸಿಗೆ ನೇತುಹಾಕಿದ್ದಾರೆ.

ಕೋಚ್ ವೀಬ್ ಎತ್ತರದ ಹೆಂಗಸು. ಬಿಳಿ ಜಡೆ. ಒಂದು ಮಂಡಿ ಬಗ್ಗುವುದಿಲ್ಲ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಓ, ಟೆಸ್ಮರ್ ಅವರು. ಕಣ್ಣು ಈಗ ವಾಸಿನಾ?"

ಸಿಸ್ಟರ್ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು.

1998ರ ಒಂದು ಟೂರ್ನಿಯ ಫೈನಲ್ಲು. ಆಗ ನಾನು ರೆಫರಿ. ಒಂಬತ್ತು ಸೆಕೆಂಡು ಬಾಕಿ. ಅವರ ಆಟಗಾರ್ತಿ ಟ್ರೂಡಿ ಚೆಂಡು ಬುಟ್ಟಿಗೆ ಹಾಕಿದಳು. ಎದುರಾಳಿ ನಿಂತಿದ್ದಲ್ಲಿಗೆ ಅವಳು ನುಗ್ಗಿದಳೆಂದು ನಾನು ಶಿಳ್ಳೆ ಊದಿದೆ. ಬುಟ್ಟಿ ಲೆಕ್ಕಕ್ಕೆ ಬರಲಿಲ್ಲ. ಒಂದು ಅಂಕದಿಂದ ಸೋತರು. ಆಮೇಲೆ ಆ ಆಟದ ಟೇಪನ್ನು ನಾನು ನೋಡಿದ್ದೇನೆ. ಅದರ ಬಗ್ಗೆ ಹೆಚ್ಚು ಬರೆಯುವುದು ಬೇಡ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಚಿಲಿ ಸಾರು, ದಾಲ್ಚಿನ್ನಿ ರೋಲು. ಊಟಕ್ಕೆ ಕರೆದರು. ಶಿಳ್ಳೆ ಊದಿದ ಊರಿನಲ್ಲಿ ರೆಫರಿ ಉಣ್ಣಬಾರದು, ಮೂವತ್ತೊಂದು ವರ್ಷ ನಾನು ಆ ನಿಯಮ ಮುರಿದಿಲ್ಲ. ಕಾರಿನಲ್ಲಿ ಕೂತು ಕಾದೆ. ಸಿಸ್ಟರ್ ಎರಡು ರೋಲು ತಿಂದು ಬೆರಳು ನೆಕ್ಕುತ್ತ ಬಂದರು.

ನವೆಂಬರ್ 15, ಮಂಗಳವಾರ

ಮೊನ್ನೆ ಅಳತೆ ಪಟ್ಟಿ ಒಯ್ಯಲು ಮರೆತಿದ್ದೆ. ಗೋಡೆಗೂ ಅಂಕಣದ ಗೆರೆಗೂ ಇರುವ ಅಂತರ ಒಕ್ಕೂಟದ ಕಡತದಲ್ಲಿ ಇರಲೇಬೇಕು. ಸಿಸ್ಟರ್‌ಗೆ ಕಾಲೇಜಿನಲ್ಲಿ ಪರೀಕ್ಷೆ ನಡೆಸುವುದಿತ್ತು, ಒಬ್ಬನೇ ಹೋದೆ.

ಮೂರು ಅಡಿ ಎರಡು ಅಂಗುಲ. ಪಟ್ಟಿಯ ಇನ್ನೊಂದು ತುದಿ ಕೋಚ್ ವೀಬ್ ಹಿಡಿದಿದ್ದರು.

"ಇದನ್ನ ಫೋನಿನಲ್ಲಿ ಕೇಳಿದ್ರೆ ಹೇಳ್ತಿದ್ದೆ," ಎಂದರು.

"ನಾನೇ ಅಳೀಬೇಕು. ಅದು ಪದ್ಧತಿ."

"ಹಾಗಾದ್ರೆ ಆ ತುದಿಯ ಗೋಡೇನೂ ಅಳೆದುಬಿಡಿ. ಪದ್ಧತಿ ಅರ್ಧಕ್ಕೆ ನಿಲ್ಬಾರದು."

ಅದೂ ಮೂರು ಅಡಿ ಎರಡು ಅಂಗುಲ.

ಅಭ್ಯಾಸ ನೋಡಿದೆ. ನಾಯಕಿ ಮರಿಬೆಲ್ ಒಚೋವಾ, ಕುಳ್ಳಿ. ಅವಳ ತಾಯಿ ಲೆಕ್ಸಿಂಗ್ಟನ್ನಿನ ಮಾಂಸದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರಂತೆ. ಚೆಂಡು ತಪ್ಪಿಸಿಕೊಂಡ ಹುಡುಗಿಯನ್ನು ಕೋಚ್ ಬಯ್ಯುವುದಿಲ್ಲ. ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳುತ್ತಾರೆ, ಆ ಹುಡುಗಿ ನಗುತ್ತ ಓಡುತ್ತಾಳೆ. ಏನು ಹೇಳುತ್ತಾರೆಂದು ಕೇಳಿದೆ. "ಅದು ನಮ್ಮ ಮನೆ ಮಾತು," ಎಂದರು.

ಒಂದು ರೋಲು ತಿಂದೆ. ನಿಯಮ ಇರುವುದು ರೆಫರಿಗಳಿಗೆ. ನಾನೀಗ ರೆಫರಿಯಲ್ಲ.

ನವೆಂಬರ್ 19, ಶನಿವಾರ

ಮೋಡ. ರಸ್ತೆ ಒಣ. ಲೂಪ್ ಫೋರ್ಕಿನಲ್ಲಿ ಆಟ, ಪ್ರೇಕ್ಷಕರ ಸಂಖ್ಯೆ ನೋಡುವುದು ಅಗತ್ಯವಾಗಿತ್ತು.

ಸಾವಿರದ ಒಂಬೈನೂರು ಜನರ ಊರು. ಜಿಮ್ಮಿನಲ್ಲಿ ಸಾವಿರದ ನೂರು. ನಾನು ಎರಡೂ ಕಡೆಗೆ ಸೇರದ ಹಾಗೆ ನಟ್ಟನಡುವಿನ ಸಾಲಿನಲ್ಲಿ ಕೂತೆ. ಪಕ್ಕದಲ್ಲಿ ಎಂಬತ್ತು ದಾಟಿದ ದನಗಾಹಿ ಒಬ್ಬರು, ಹ್ಯಾಟು ತೆಗೆದು ಮಂಡಿಯ ಮೇಲಿಟ್ಟುಕೊಂಡು, ಹದಿನಾಲ್ಕು ಹುಡುಗಿಯರಲ್ಲಿ ಯಾರ್‍ಯಾರು ಯಾವ ಕಾಲಿನಲ್ಲಿ ಮೊದಲು ಜಿಗಿಯುತ್ತಾರೆಂದು ನನಗೆ ಹೇಳಿಕೊಟ್ಟರು. ಎಲ್ಲವೂ ಸರಿಯಾಗಿತ್ತು.

ಗೆದ್ದರು. ಜನ ಹೋದ ಮೇಲೆ ಕೋಚ್ ವೀಬ್ ಉದ್ದನೆಯ ಪೊರಕೆ ಹಿಡಿದು ಪಾಪ್‌ಕಾರ್ನ್ ಗುಡಿಸಲು ಶುರುಮಾಡಿದರು. ಇನ್ನೊಂದು ಪೊರಕೆ ಗೋಡೆಗೆ ಒರಗಿತ್ತು. ತೆಗೆದುಕೊಂಡೆ. ಅಂಕಣದ ಅರ್ಧಕ್ಕೆ ಬಂದಾಗ ಯಾಕೋ ಬಾಯಿಗೆ ಬಂತು.

"ತೊಂಬತ್ತೆಂಟರದು ತಪ್ಪು ತೀರ್ಪು," ಎಂದೆ.

ಅವರು ಗುಡಿಸುವುದು ನಿಲ್ಲಿಸಿದರು.

"ಎದುರಾಳಿ ಹುಡುಗಿ ಕಾಲು ಇನ್ನೂ ಸರಿಸ್ತಾ ಇದ್ದಳು. ಟ್ರೂಡಿಯದು ತಪ್ಪಿರಲಿಲ್ಲ. ಬುಟ್ಟಿ ಸರಿಯಾಗೇ ಬಿದ್ದಿತ್ತು. ಟೇಪು ಹತ್ತು ಸಲ ನೋಡಿದ್ದೀನಿ."

"ಹತ್ತು ಸಲ?"

"ಹತ್ತಕ್ಕಿಂತ ಜಾಸ್ತಿ."

ಬಯ್ಯುತ್ತಾರೆಂದುಕೊಂಡೆ. ಅವರು ಪೊರಕೆಗೆ ಎರಡೂ ಕೈ ಊರಿ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಜೇಬಿನಿಂದ ಫೋನು ತೆಗೆದು ಒತ್ತಿದರು.

"ಟ್ರೂಡೀ! ಯಾವುದೋ ಹಸುವಿನೊಳಗೆ ಕೈ ಹಾಕಿದ್ರೂ ಪರವಾಗಿಲ್ಲ, ಕೇಳು. ಇವನು ಒಪ್ಪಿಕೊಂಡ! ಯಾರು ಅಂದ್ರೆ? ಟೆಸ್ಮರ್! ನನ್ನ ಎದುರಿಗೇ ಪೊರಕೆ ಹಿಡ್ಕೊಂಡು ನಿಂತಿದ್ದಾನೆ. ತಗೋ, ನೀನೇ ಹೇಳು ಅವಳಿಗೆ," ಎಂದು ಫೋನು ನನ್ನ ಕೈಗಿಟ್ಟರು.

ಹೇಳಿದೆ. ಟ್ರೂಡಿ ಈಗ ಅಲ್ಲೇ ಸಮೀಪದಲ್ಲಿ ಪಶುವೈದ್ಯೆ. ಅವಳು "ಥ್ಯಾಂಕ್ಸ್ ಸರ್. ನಮ್ಮಪ್ಪ ಇದ್ದಿದ್ರೆ ಕುಣೀತಿದ್ರು," ಎಂದಳು.

ಮನೆಗೆ ಬರುವಾಗ ರೇಡಿಯೋ ಹಾಕಲಿಲ್ಲ. ಮೂರು ಗಂಟೆ ಹೇಗೆ ಕಳೆಯಿತೋ ತಿಳಿಯಲಿಲ್ಲ.

ನವೆಂಬರ್ 24, ಗುರುವಾರ

ಥ್ಯಾಂಕ್ಸ್‌ಗಿವಿಂಗ್. ಮನೆಮಂದಿಯೆಲ್ಲ ಸೇರಿ ಉಣ್ಣುವ ಹಬ್ಬ. ಇಪ್ಪತ್ತು ವರ್ಷದಿಂದ ಈ ದಿನ ನಾನು ಹೆದ್ದಾರಿಯ ಹೋಟೆಲಿನಲ್ಲಿ ಉಣ್ಣುತ್ತೇನೆ. ಹೆಂಡತಿ ಡೊರೀನ್ ನನ್ನನ್ನು ಬಿಟ್ಟುಹೋದಾಗ ಹೇಳಿದ್ದು ಒಂದೇ ಮಾತು: "ಶನಿವಾರ ನೀನು ಇರಲ್ಲ, ಭಾನುವಾರ ಇದ್ರೂ ಇರಲ್ಲ." ವಾರದಲ್ಲಿ ಆರು ದಿನ ಅಂಚೆ ಹಂಚಿ, ಬಿಡುವಾದಾಗೆಲ್ಲ ಶಿಳ್ಳೆ ಊದುತ್ತಿದ್ದವನಿಗೆ ಅದು ಅರ್ಥವಾಗಿರಲಿಲ್ಲ.

ಈ ಸಲ ಆರ್ಡಿಸ್ ಕರೆದಳು. ಊರಿಗೆ ಹೋಗಲಾಗದ ಆರು ಹುಡುಗಿಯರು ಅವಳ ಮನೆಯಲ್ಲಿದ್ದರು. ಒಕ್ಕೂಟದ ದೃಷ್ಟಿಯಿಂದ ವಿದ್ಯಾರ್ಥಿನಿಯರ ಯೋಗಕ್ಷೇಮ ತಿಳಿಯುವುದು ಒಳ್ಳೆಯದೆಂದು ಹೋದೆ.

ಆಲೂಗಡ್ಡೆ ಸುಲಿಯಲು ಕೂರಿಸಿದರು. ನಾನು ಸಿಪ್ಪೆ ದಪ್ಪ ತೆಗೆಯುತ್ತೇನಂತೆ.

"ನೋಡೇ ಮರಿಬೆಲ್, ಕಮಿಷನರ್ ಕೈಯಲ್ಲಿ ಆಲೂಗಡ್ಡೆ ಗೋಲಿಯಾಗ್ತಾ ಇದೆ," ಎಂದಳು ಆರ್ಡಿಸ್.

"ಫೌಲ್, ಕೋಚ್," ಎಂದಳು ಮರಿಬೆಲ್. "ಎರಡು ಆಲೂಗಡ್ಡೆ ದಂಡ."

ಟರ್ಕಿ ಸ್ವಲ್ಪ ಸೀದಿತ್ತು. ಮೂರು ಸಲ ಹಾಕಿಸಿಕೊಂಡೆ. ಊಟದ ಮೇಲೆ ಹುಡುಗಿಯರು ಇಸ್ಪೀಟು ಆಡಿದರು. ಆರ್ಡಿಸ್ ಕೆಟ್ಟ ಮಂಡಿಯನ್ನು ಸ್ಟೂಲಿನ ಮೇಲಿಟ್ಟು, ಮದುವೆಯಾಗುವ ಹೊತ್ತಿಗೆ ಯಾವಾಗಲೂ ಆಟದ ಸೀಸನ್ನು ಶುರುವಾಗಿಬಿಡುತ್ತಿತ್ತು ಎಂದಳು. ಮೂವತ್ತನಾಲ್ಕು ಸೀಸನ್ನು. ತಮಾಷೆಗೆ ಹೇಳಿದಳೆಂದು ಕಾಣುತ್ತದೆ. ನನಗೂ ಏನಾದರೂ ಹೇಳಬೇಕೆನಿಸಿ, ಅವರ ಅಂಕಫಲಕದ ಒಂದು ಬಲ್ಬು ಮಂಕಾಗಿದೆ ಎಂದೆ.

ನವೆಂಬರ್ 28, ಸೋಮವಾರ

ಸಿಸ್ಟರ್ ನನ್ನ ಪ್ರಯಾಣದ ಪುಸ್ತಕ ನೋಡುತ್ತಿದ್ದರು.

"ಪೆಲ್ಹ್ಯಾಮ್ ಒಂದು ಸಲ. ಲೂಪ್ ಫೋರ್ಕ್ ಐದು ಸಲ."

"ಅಲ್ಲಿ ನೋಡೋದು ಜಾಸ್ತಿ ಇದೆ."

"ನಿನ್ನೆ ಏನು ನೋಡಿದ್ರಿ?"

"ಅಂಕಫಲಕದ ಬಲ್ಬು. ಬದಲಾಯಿಸಿ ಬಂದೆ."

ಸಿಸ್ಟರ್ ನನ್ನ ಮುಖವನ್ನೇ ನೋಡಿದರು. ಅವರು ಸಂಖ್ಯಾಶಾಸ್ತ್ರದವರು, ಏನನ್ನಾದರೂ ನೋಡುತ್ತಲೇ ಇರುತ್ತಾರೆ. ನ್ಯಾಯಕ್ಕಾಗಿ ನಾಳೆ ಪೆಲ್ಹ್ಯಾಮ್‌ಗೆ ಇನ್ನೊಮ್ಮೆ ಹೋಗುತ್ತೇನೆಂದೆ.

ನವೆಂಬರ್ 29, ಮಂಗಳವಾರ

ಪೆಲ್ಹ್ಯಾಮ್. ಎಲ್ಲ ಸರಿಯಾಗಿದೆ.

ಡಿಸೆಂಬರ್ 5, ಸೋಮವಾರ

ಎರಡು ದಿನ ಬರೆಯಲಾಗಲಿಲ್ಲ. ಮನೆಯಲ್ಲಿರಲಿಲ್ಲ.

ಶನಿವಾರ ಸೇಂಟ್ ವಾಲ್ಬರ್ಗಾದ ಹುಡುಗಿಯರು ಲೂಪ್ ಫೋರ್ಕಿಗೆ ಆಡಲು ಹೋಗಿದ್ದರು. ದಾರಿ ಹೇಗಾಗುತ್ತದೆಂದು ನೋಡುವ ಪ್ರಯೋಗ ಅದು, ಸಿಸ್ಟರ್ ಅವರದೇ ಯೋಚನೆ. ಆಟ ಮಧ್ಯಾಹ್ನಕ್ಕೆ ಮುಗಿಯಿತು. ಎರಡೂವರೆಗೆ ಬಸ್ಸು ಹೊರಟಿತು. ಹಿಂದೆ ನನ್ನ ಕಾರು, ಪಕ್ಕದಲ್ಲಿ ಸಿಸ್ಟರ್. ಆಕಾಶ ಬಿಳಿಯಾಗಿತ್ತು, ಅಷ್ಟೆ. ಇಪ್ಪತ್ತು ಮೈಲಿ ದಾಟುವುದರೊಳಗೆ ಹಿಮ ನೆಲದಿಂದ ಅಡ್ಡಡ್ಡ ಹಾರತೊಡಗಿತು. ಬಸ್ಸಿನ ಕೆಂಪು ದೀಪ ಒಂದು ಸಲ ಕಂಡಿತು, ಇನ್ನೊಂದು ಸಲ ಕಾಣಲಿಲ್ಲ. ಮತ್ತೆ ಕಂಡಾಗ ಅದು ರಸ್ತೆಯ ಮೇಲಿರಲಿಲ್ಲ.

ಚರಂಡಿಗೆ ಜಾರಿ ಓರೆಯಾಗಿ ನಿಂತಿತ್ತು. ಸಿಸ್ಟರ್ ಕಾರು ನಿಲ್ಲುವ ಮೊದಲೇ ಬಾಗಿಲು ತೆರೆದರು. ಮಂಡಿಯುದ್ದ ಹಿಮದಲ್ಲಿ ಹೋಗಿ ಬಸ್ಸಿನ ಬಾಗಿಲಲ್ಲಿ ನಿಂತು ಎಣಿಸಿದರು. "ಒಂದು, ಎರಡು, ಮೂರು..." ಹದಿನಾರಕ್ಕೆ ನಿಲ್ಲಬೇಕಿತ್ತು, ಹದಿನೈದಕ್ಕೆ ನಿಂತಿತು. ಮತ್ತೆ ಎಣಿಸಿದರು. ಮತ್ತೆ ಹದಿನೈದು. ಪರಿಚಯವಾದ ಮೂವತ್ತು ವರ್ಷದಲ್ಲಿ ಅವರ ದನಿ ನಡುಗಿದ್ದನ್ನು ನಾನು ಕೇಳಿರಲಿಲ್ಲ. ಹದಿನಾರನೆಯವಳು ಸೀಟಿನ ಕೆಳಗೆ ಷೂ ಹುಡುಕುತ್ತಿದ್ದಳು. ಯಾರಿಗೂ ಗಾಯವಿಲ್ಲ.

ನಾನು ಆರ್ಡಿಸ್‌ಗೆ ಫೋನು ಮಾಡಿದೆ. ಬೇರೆ ಯಾರಿಗೆ ಮಾಡಬೇಕೆಂದು ಯೋಚಿಸಲಿಲ್ಲ.

"ಯಾರೂ ನಡೀಬೇಡಿ. ಬಸ್ಸಿನಲ್ಲೇ ಒತ್ತಿಕೊಂಡು ಕೂತಿರಿ. ಬಂದೆ," ಎಂದಳು.

ಐವತ್ತು ನಿಮಿಷ. ಮೊದಲು ಬಂದದ್ದು ಟ್ರಾಕ್ಟರು, ಅದನ್ನು ಓಡಿಸುತ್ತಿದ್ದವರು ಹ್ಯಾಟು ಮಂಡಿಯ ಮೇಲಿಟ್ಟುಕೊಳ್ಳುವ ಆ ಅಜ್ಜ. ಹಿಂದೆ ಒಂಬತ್ತು ಪಿಕಪ್ಪುಗಳು. ಒಂದರಿಂದ ಆರ್ಡಿಸ್ ಕೆಟ್ಟ ಮಂಡಿ ಎಳೆದುಕೊಂಡು ಇಳಿದಳು. ಮೊದಲು ಹುಡುಗಿಯರ ಮುಖವನ್ನೆಲ್ಲ ಟಾರ್ಚು ಬಿಟ್ಟು ನೋಡಿದಳು, ಆಮೇಲೆ ನನ್ನ ಮುಖ.

"ಟೋಪಿ ಎಲ್ಲಿ ನಿಂದು?"

ಗೊತ್ತಿರಲಿಲ್ಲ. ತನ್ನದನ್ನು ತೆಗೆದು ನನ್ನ ತಲೆಗೆ ಹಾಕಿ, ಕಿವಿ ಮುಚ್ಚುವ ಹಾಗೆ ಎಳೆದಳು.

ಊರಿನವರು ಮನೆಗೆ ಮೂವರಂತೆ ಹಂಚಿಕೊಂಡರು. ರಸ್ತೆ ತೆರೆದದ್ದು ಇವತ್ತು ಬೆಳಿಗ್ಗೆ. ಎರಡು ದಿನದಲ್ಲಿ ಸೇಂಟ್ ವಾಲ್ಬರ್ಗಾದ ಹುಡುಗಿಯರು ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿದರು, ಯಾರದೋ ಮದುವೆಯ ಹೊದಿಕೆಗೆ ಹೊಲಿಗೆ ಹಾಕಿದರು, ಹೊರಡುವಾಗ ಅತ್ತರು. ನಾನು ಆರ್ಡಿಸ್ ಮನೆಯ ಸೋಫಾ ಮೇಲೆ, ಸಿಸ್ಟರ್ ಅವಳ ಅತಿಥಿ ಕೋಣೆಯಲ್ಲಿ.

ವಾಪಸು ಬರುವಾಗ ನಾನು ಹೇಳಿದೆ, "ನೋಡಿದ್ರಾ ಸಿಸ್ಟರ್? ಇಂಥ ಜನ ನಮ್ಮ ಒಕ್ಕೂಟಕ್ಕೆ ಬೇಕು."

"ನೋಡಿದೆ," ಎಂದರು. ಬಸ್ಸು ಚರಂಡಿಗಿಳಿದಿದ್ದ ಜಾಗ ದಾಟಿದ ಮೇಲೆ, "ಹದಿನೈದನ್ನೂ ನೋಡಿದೆ," ಎಂದರು.

ಡಿಸೆಂಬರ್ 7, ಬುಧವಾರ

ನಾಳೆ ಸಭೆ. ಆರು ಅಧ್ಯಕ್ಷರು, ತಲಾ ಒಂದು ಮತ. ಸಮ ಬಂದರೆ ಮಾತ್ರ ಕಮಿಷನರ್ ಮತ. ಒಕ್ಕೂಟದ ಚರಿತ್ರೆಯಲ್ಲಿ ಸಮ ಬಂದದ್ದೇ ಇಲ್ಲ.

ಪೆಲ್ಹ್ಯಾಮ್ ಪರವಾಗಿ ವರದಿ ಬರೆದೆ. ಓದಿದರೆ ಪೆಲ್ಹ್ಯಾಮೇ ಸರಿ ಅನ್ನಿಸುತ್ತದೆ. ಲೂಪ್ ಫೋರ್ಕ್ ಪರವಾಗಿ ಬರೆದೆ. ಅದೂ ಹಾಗೇ. ಎರಡನೆಯದು ಎಂಟು ಪುಟ ಉದ್ದ ಬಂತು. ಚಿಕ್ಕದು ಮಾಡಬೇಕು. ಟೋಪಿಯನ್ನು ಇನ್ನೂ ಹಿಂದಿರುಗಿಸಿಲ್ಲ.

ಡಿಸೆಂಬರ್ 8, ಗುರುವಾರ

ಗ್ರಾಂಡ್ ಐಲೆಂಡ್‌ನ ಹೋಟೆಲಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಸಭೆ. ಎರಡು ಗಂಟೆ ಚರ್ಚೆ. ಚೀಟಿ ಹಾಕಿದರು. ಮೂರು, ಮೂರು. ಕಾಫಿ ಕುಡಿದು ಮತ್ತೆ ಹಾಕಿದರು. ಮೂರು, ಮೂರು.

ಅಧ್ಯಕ್ಷರಲ್ಲಿ ಹಿರಿಯರಾದ ಡಾಕ್ಟರ್ ಲುಂಡೀನ್ ನನ್ನತ್ತ ತಿರುಗಿದರು. "ಸರಿ ವೆಂಡೆಲ್. ನೀವೇ ಹೇಳಬೇಕು."

ಎದ್ದು ನಿಂತೆ. ಲೂಪ್ ಫೋರ್ಕ್ ಎಂದು ಹೇಳಲು ಬಾಯಿ ತೆರೆದೆ. ಎಂಟು ಪುಟ ಕಾರಣ ನನ್ನ ಕೈಯಲ್ಲಿತ್ತು. ಆದರೆ ರೆಫರಿ ಪ್ರತಿ ವರ್ಷ ಒಂದು ಹೇಳಿಕೆಗೆ ಸಹಿ ಹಾಕುತ್ತಾನೆ, ಆಡುವ ಯಾವ ತಂಡದಲ್ಲೂ ನನಗೆ ಸ್ವಂತದವರು ಯಾರೂ ಇಲ್ಲ ಎಂದು. ಮೂವತ್ತೊಂದು ಸಲ ಯೋಚಿಸದೆ ಸಹಿ ಹಾಕಿದ್ದೆ. ಇವತ್ತು ಅದನ್ನು ಹಾಕಲಾಗುವುದಿಲ್ಲ ಎಂದು ನಿಂತಲ್ಲೇ ತಿಳಿಯಿತು.

"ನಾನು ಮತ ಹಾಕುವ ಹಾಗಿಲ್ಲ," ಎಂದೆ. "ಲೂಪ್ ಫೋರ್ಕಿನಲ್ಲಿ ನನಗೆ ಸ್ವಂತ ಆಸಕ್ತಿ ಇದೆ."

"ಏನು, ಜಮೀನಾ?" ಎಂದರು ಲುಂಡೀನ್.

"ಅಲ್ಲ. ಅಲ್ಲಿಯ ಕೋಚ್."

ಒಬ್ಬರು ಕಪ್ಪನ್ನು ತಟ್ಟೆಯ ಮೇಲಿಡುವುದಕ್ಕೆ ಬಹಳ ಹೊತ್ತು ತೆಗೆದುಕೊಂಡರು.

"ಕೋಚ್ ಅಂದ್ರೆ... ಆರ್ಡಿಸ್ ವೀಬ್?"

"ಹೌದು."

"ಆಕೆಗೆ ಗೊತ್ತಾ?"

"ಇಲ್ಲ ಸರ್. ನನಗೇ ಈಗ ಗೊತ್ತಾಯ್ತು."

ಲುಂಡೀನ್ ಬಾಯಿಗೆ ಕರವಸ್ತ್ರ ಹಿಡಿದರು. ನಿಯಮದ ಪ್ರಕಾರ ಮತ ಉಪ ಕಮಿಷನರ್‌ಗೆ ಹೋಗುತ್ತದೆ. ಸಿಸ್ಟರ್ ಕೂತಲ್ಲಿಂದ ಏಳಲಿಲ್ಲ. ಕೈ ಎರಡನ್ನೂ ಮೇಜಿನ ಮೇಲಿಟ್ಟು ಹೇಳಿದರು: "ಪೆಲ್ಹ್ಯಾಮ್."

ಮುಗಿಯಿತು.

ಹೊರಗೆ ಸಿಸ್ಟರ್ ಕಾರಿನ ಹತ್ತಿರ ನಿಂತಿದ್ದರು. "ನನ್ನ ಮೇಲೆ ಕೋಪನಾ?"

"ಇಲ್ಲ."

"ಆ ಊರಿನವರು ನಮ್ಮ ಹುಡುಗೀರನ್ನ ಕಾಪಾಡಿದ್ರು. ಆದ್ರೆ ಪ್ರತಿ ಚಳಿಗಾಲ ಆರು ಬಸ್ಸನ್ನ ಆ ರಸ್ತೆಗೆ ಕಳಿಸಿ, ಅವರು ಕಾಪಾಡ್ತಾರೆ ಅಂತ ನಾನು ಜಪಮಾಲೆ ಹಿಡ್ಕೊಂಡು ಕೂರೋಕಾಗಲ್ಲ ವೆಂಡೆಲ್. ನನಗೆ ಆ ಹೆಂಗಸು ಅಂದ್ರೆ ಎಷ್ಟು ಇಷ್ಟ ಗೊತ್ತಾ? ಅವಳ ಮನೇಲಿ ಮಲಗಿದ್ದೀನಿ. ಅವಳ ಉಪ್ಪಿಲ್ಲದ ಗಂಜಿ ತಿಂದಿದ್ದೀನಿ."

ಅವರ ಕಣ್ಣು ಒದ್ದೆಯಾಗಿತ್ತು. ಗಾಳಿಯೂ ಇತ್ತು. ಭುಜದ ಮೇಲೆ ಕೈ ಇಟ್ಟೆ. ಸನ್ಯಾಸಿನಿಯ ಭುಜದ ಮೇಲೆ ಕೈ ಇಡಬಹುದೋ ಇಲ್ಲವೋ ನನಗೆ ತಿಳಿಯದು. ಅವರೇನೂ ಅನ್ನಲಿಲ್ಲ.

"ನೀವೇ ಹಾಕಿದ್ರೆ ಯಾರಿಗೆ ಹಾಕ್ತಿದ್ರಿ?" ಎಂದರು.

"ಲೂಪ್ ಫೋರ್ಕ್."

"ಸರಿ ಅನ್ನಿಸಿಯಾ?"

ಅವರಿಗೆ ಕಾರಿನ ಬಾಗಿಲು ತೆರೆದುಕೊಟ್ಟೆ. ಉತ್ತರ ಇಲ್ಲಿಯೂ ಬರೆಯಲು ಗೊತ್ತಾಗುತ್ತಿಲ್ಲ.

ಡಿಸೆಂಬರ್ 9, ಶುಕ್ರವಾರ

ಫಲಿತಾಂಶ ಮಧ್ಯಾಹ್ನ ಪ್ರಕಟವಾಗುವುದು. ಅದಕ್ಕೆ ಮೊದಲೇ ಎದುರಿಗೆ ನಿಂತು ಹೇಳಬೇಕೆಂದು ಬೆಳಿಗ್ಗೆ ಆರಕ್ಕೆ ಹೊರಟೆ. ಬಿಸಿಲು. ರಸ್ತೆ ಕನ್ನಡಿಯಷ್ಟು ಸ್ವಚ್ಛ. ನಿನ್ನೆ ಲೂಪ್ ಫೋರ್ಕ್ ಸೋತದ್ದು ಇದೇ ರಸ್ತೆಯಿಂದ.

ಜಿಮ್ಮಿನಲ್ಲಿ ಬೆಳಗಿನ ಅಭ್ಯಾಸ. ಆರ್ಡಿಸ್ ಒಬ್ಬ ಹುಡುಗಿಯ ಪಾದಕ್ಕೆ ಪಟ್ಟಿ ಸುತ್ತುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು.

"ಎಷ್ಟು?"

"ನಾಲ್ಕು, ಮೂರು."

"ಅಂದ್ರೆ ಸಮ ಬಂದಿತ್ತು. ನೀನು ಅವರಿಗೆ ಹಾಕಿದೆ."

"ನಾನು ಹಾಕ್ಲಿಲ್ಲ. ಸಿಸ್ಟರ್ ಹಾಕಿದ್ರು."

"ನೀನು ಯಾಕೆ ಹಾಕ್ಲಿಲ್ಲ?"

ದಾರಿಯುದ್ದಕ್ಕೂ ಇದಕ್ಕೊಂದು ವಾಕ್ಯ ಸಿದ್ಧಮಾಡಿಕೊಂಡಿದ್ದೆ. ಒಳ್ಳೆಯ ವಾಕ್ಯ. ಒಂದು ಶಬ್ದವೂ ನೆನಪಾಗಲಿಲ್ಲ.

"ನಿಮ್ಮ ವಿಷಯದಲ್ಲಿ ನನ್ನ ತೀರ್ಪು ನಂಬೋ ಹಾಗಿಲ್ಲ ಅಂತ ಹೇಳಿದೆ. ಅವರಿಗೆಲ್ಲ. ಸಭೇಲಿ."

ಪಟ್ಟಿ ಸುತ್ತುತ್ತಿದ್ದ ಕೈ ನಿಂತಿತು.

"ನೀನು ಬಾಯಿ ಮುಚ್ಚಿಕೊಂಡು ಒಂದು ಕೈ ಎತ್ತಿದ್ರೆ ನಾವು ಒಳಗೆ," ಎಂದಳು ಆರ್ಡಿಸ್.

"ಹೌದು."

"ಇದನ್ನ ಹೇಳೋಕೆ ಮೂರು ಗಂಟೆ ಕಾರು ಓಡಿಸ್ಕೊಂಡು ಬಂದೆ."

"ಹೌದು."

ಅವಳು ಎದ್ದು ಅಂಕಣದ ನಡುವೆ ಹೋಗಿ ಶಿಳ್ಳೆ ಊದಿ ಹುಡುಗಿಯರನ್ನು ಗೆರೆಯಿಂದ ಗೆರೆಗೆ ಓಡಿಸಿದಳು. ಹತ್ತು ನಿಮಿಷ ಓಡಿಸಿದಳು. ನನ್ನತ್ತ ನೋಡಲಿಲ್ಲ. ನಾನು ಬಾಗಿಲ ಹತ್ತಿರ ನಿಂತೇ ಇದ್ದೆ. ಹೋಗಬೇಕೋ ಇರಬೇಕೋ ತಿಳಿಯಲಿಲ್ಲ. ಆಮೇಲೆ ಎಲ್ಲರನ್ನೂ ನೆಲದ ಮೇಲೆ ಕೂರಿಸಿ ನನ್ನನ್ನು ಕರೆದಳು.

"ಇವರಿಗೂ ನೀನೇ ಹೇಳು. ನಾನು ಹೇಳಲ್ಲ."

ಹದಿನಾಲ್ಕು ಬೆವರಿದ ಮುಖಗಳು. ನಿಮ್ಮನ್ನು ತೆಗೆದುಕೊಳ್ಳಲಿಲ್ಲ ಎಂದೆ. ತಪ್ಪು ನಿಮ್ಮದಲ್ಲ, ದಾರಿ ದೂರ, ಚಳಿಗಾಲ ಕೆಟ್ಟದು ಎಂದೆ. ಎರಡನೆಯ ಸಾಲಿನಲ್ಲಿ ಒಬ್ಬಳು ಮೊಣಕಾಲಿಗೆ ಮುಖ ಒತ್ತಿಕೊಂಡಳು. ಇದು ಕೊನೆಯ ವರ್ಷದವರಿಗೆ ಏನೂ ಅಲ್ಲ, ಮೊದಲ ವರ್ಷದವರಿಗೆ ಎಲ್ಲವೂ.

ಮರಿಬೆಲ್ ಕೈ ಎತ್ತಿದಳು.

"ಸರ್, ತಿಂಡಿ ತಿಂದ್ರಾ?"

ಇಲ್ಲ ಎಂದೆ.

"ಕೋಚ್, ಅವರು ತಿಂಡಿ ತಿಂದಿಲ್ಲ," ಎಂದಳು.

ಆರ್ಡಿಸ್ ಚಾವಣಿ ನೋಡಿದಳು. ನೆಲ ನೋಡಿದಳು. "ಕೇಳಿಸ್ತು ಕಣೇ," ಎಂದಳು.

ಕ್ಯಾಂಟೀನಿನಲ್ಲಿ ಎದುರುಬದುರು ಕೂತೆವು. ಅವಳು ನನ್ನ ತಟ್ಟೆಗೆ ಮೊಟ್ಟೆ ಹಾಕಿ, ನಾನು ತಿನ್ನುವುದನ್ನು ನೋಡಿದಳು. ಮುಗಿಸಿದ ಮೇಲೆ ಕೇಳಿದಳು:

"ಸಭೇಲಿ ಸರಿಯಾಗಿ ಏನು ಹೇಳಿದೆ? ಒಂದೊಂದು ಮಾತೂ ಹೇಳು."

ಹೇಳಿದೆ. ಲುಂಡೀನರ ಜಮೀನಿನ ಪ್ರಶ್ನೆಯನ್ನೂ ಹೇಳಿದೆ. ಅಲ್ಲಿ ಅವಳ ತುಟಿ ಸ್ವಲ್ಪ ಅಲುಗಿತು.

"ಈ ವಾರ ನಿನ್ನ ಮುಖ ನೋಡೋಕೆ ನನಗಾಗಲ್ಲ ವೆಂಡೆಲ್," ಎಂದಳು. "ನನ್ನ ಹುಡುಗೀರು ಅಳ್ತಾರೆ ಈಗ, ನಾನು ಅವರ ಜೊತೆ ಇರಬೇಕು."

"ಸರಿ."

"ಈ ವಾರ ಅಂದೆ. ಹದಿನೇಳಕ್ಕೆ ಆಟ ಇದೆ. ಎರಡು ಗಂಟೆಗೆ."

ಡಿಸೆಂಬರ್ 18, ಭಾನುವಾರ

ಬಿಸಿಲು. ರಸ್ತೆ ಒಣ.

ನಿನ್ನೆ ಲೂಪ್ ಫೋರ್ಕ್ 61, ಎದುರಾಳಿ ತಂಡ 58. ಆರ್ಡಿಸ್ ತನ್ನ ತಂಡದ ಬೆಂಚಿನ ಹಿಂದಿನ ಸಾಲಿನಲ್ಲಿ ನನಗೊಂದು ಜಾಗ ಇಟ್ಟಿದ್ದಳು. ಅಜ್ಜ ಪಕ್ಕದಲ್ಲೇ ಇದ್ದರು. ರೆಫರಿ ಚಿಕ್ಕ ವಯಸ್ಸಿನವನು, ಪರವಾಗಿಲ್ಲ, ಆದರೆ ದ್ವಿತೀಯಾರ್ಧದಲ್ಲಿ ಮರಿಬೆಲ್ ಮೇಲೆ ಕೊಟ್ಟ ಎರಡು ಫೌಲು ಶುದ್ಧ ಅನ್ಯಾಯ. ಅವನಿಗೆ ಕಣ್ಣಿರಲಿಲ್ಲ.

ಆಟದ ನಂತರ ಆರ್ಡಿಸ್ ದಕ್ಷಿಣ ಡಕೋಟದ ಕಡೆಯ ಒಕ್ಕೂಟಕ್ಕೆ ಬರೆದ ಅರ್ಜಿಯನ್ನು ನನ್ನ ಮುಂದಿಟ್ಟಳು. ಅಲ್ಲಿಯವರು ಹಿಮಕ್ಕೆ ಹೆದರುವುದಿಲ್ಲವಂತೆ. ನಾಲ್ಕು ಕಡೆ ತಿದ್ದಿದೆ. ಗೋಡೆಯ ಅಂತರ ಮೂರು ಅಡಿ ಎಂದು ಬರೆದಿದ್ದಳು, ಎರಡು ಅಂಗುಲ ಸೇರಿಸಿದೆ.

ಜೂನ್‌ನಲ್ಲಿ ಕಮಿಷನರ್ ಕೆಲಸ ಬಿಡುತ್ತೇನೆಂದು ಇವತ್ತು ಬೆಳಿಗ್ಗೆ ಸಿಸ್ಟರ್‌ಗೆ ಫೋನಿನಲ್ಲಿ ಹೇಳಿದೆ. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. "ಅದಿರಲಿ, ನಿಮ್ಮ ಗಂಟಲಿಗೆ ಏನಾಯ್ತು? ಒಂದು ಮಾತೂ ಸರಿಯಾಗಿ ಕೇಳಿಸ್ತಿಲ್ಲ," ಎಂದರು. ಹೌದು, ನಿನ್ನೆ ಸಂಜೆಯಿಂದ ದನಿ ಬಿದ್ದುಹೋಗಿದೆ. ಶೀತ ಇರಬೇಕು ಎಂದೆ.